ಬೆನ್ನಿಗೆ ಬಾಗಿಲಿಲ್ಲದ ಕಾರು

ಮೊಂತ್ರೈ, 14 ಏಪ್ರಿಲ್ 1958

ಪ್ರೀತಿಯ ಫೆರ್ನಾಂ ಅಣ್ಣ,

ಮದುವೆಯಾದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು, ಬೈಯಬೇಡ. ಸುಖವಾಗಿರುವವರ ಕೈಗೆ ಪೆನ್ನು ಸಿಗುವುದಿಲ್ಲ. ಮನೆ ಐದನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಬಾಣಲೆಗೆ ಜಾಗವಿಲ್ಲ, ಆದರೂ ನನಗೆ ಇದೇ ಅರಮನೆ. ಇವರು (ನೋಡು, ‘ನನ್ನ ಗಂಡ’ ಎಂದು ಬರೆಯಲು ಹೋಗಿ ಒಬ್ಬಳೇ ನಕ್ಕು ಹಾಳೆ ಹರಿದೆ) ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪ್ರತಿ ಮಹಡಿಯ ತಿರುವಿನಲ್ಲೂ ನಿಂತು ತಲೆಯೆತ್ತಿ ನೋಡುತ್ತಾರೆ. ಕೆಳಗಿನ ಮನೆಯ ಮುದುಕಿ ಮೊನ್ನೆ ಕೇಳಿದಳು: “ಏನಮ್ಮಾ, ನಿನ್ನ ಯಜಮಾನ್ರಿಗೆ ಕತ್ತು ಉಳುಕಿದ್ಯಾ?”

ಇನ್ನು ಕಾರಿನ ವಿಷಯ. ನೀನು ಸೇಂಟ್-ಫ್ಲೂರಿನಲ್ಲಿ ಕೂತು ಮಾರುವ ಕಾರುಗಳೆಲ್ಲ ಮೊದಲು ಹುಟ್ಟುವುದು ಇವರ ಡ್ರಾಯಿಂಗ್ ಆಫೀಸಿನಲ್ಲೇ ಅಲ್ಲವೆ? ಈಗ ಅಲ್ಲಿ ಒಂದು ಸಣ್ಣ ಕಾರು ತಯಾರಾಗುತ್ತಿದೆ. ಗುಟ್ಟು, ಯಾರಿಗೂ ಹೇಳಬೇಡ. ಹೆಸರಿನ್ನೂ ಇಟ್ಟಿಲ್ಲ, ಆರನೆಯ ಯೋಜನೆಯಾದ್ದರಿಂದ ‘ಆರು’ ಎಂದು ಕರೆಯುತ್ತಾರೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬಳು ಅಜ್ಜಿ ಹಿಡಿಸಬೇಕು, ಮೇಷ್ಟರ ಸಂಬಳಕ್ಕೆ ಎಟುಕಬೇಕು.

ಕಳೆದ ಶನಿವಾರ ಆಫೀಸಿನವರ ಹೆಂಡತಿಯರನ್ನೆಲ್ಲ ಒಂದು ಶೆಡ್ಡಿಗೆ ಕರೆಸಿದ್ದರು. ಅಲ್ಲಿ ಮರದಲ್ಲಿ ಮಾಡಿದ ಕಾರು. ಚಕ್ರವಿಲ್ಲ, ಇಂಜಿನ್ನಿಲ್ಲ, ಸೀಟು ಮತ್ತು ಚಾವಣಿ ಮಾತ್ರ. ನಾವು ಹತ್ತಿ ಇಳಿದು ಅಭಿಪ್ರಾಯ ಹೇಳಬೇಕಂತೆ. ಹಿಂದಿನ ಸೀಟಿನ ಅಗಲ ಹೇಗೆ ನಿರ್ಧಾರವಾಯಿತು ಗೊತ್ತೆ? ಮುಖ್ಯಸ್ಥರಾದ ಬೊಶಾರ್ ಸಾಹೇಬರ ಹೆಂಡತಿ ಕೂತರು. ಪಕ್ಕದಲ್ಲಿ ನಾನು ಕೂತೆ. ನನ್ನ ಪಕ್ಕ ಕೂರಬೇಕಾದವಳು ಹೊರಗೇ ಉಳಿದಳು. ಸಾಹೇಬರು ಬಡಗಿಯ ಕಡೆ ನೋಡಿದರು, ಬಡಗಿ ಅಳತೆಪಟ್ಟಿ ತೆಗೆದ. ನಾಳೆ ಫ್ರಾನ್ಸಿನ ಅಜ್ಜಿಯರು ಆರಾಮಾಗಿ ಕೂತರೆ ಅದು ಆ ಮಹಾತಾಯಿಯ ಕೃಪೆ.

ನಾನು ಕೇಳಿದೆ, “ಸಾಹೇಬ್ರೇ, ಸಾಮಾನು ಎಲ್ಲಿಂದ ತುಂಬೋದು?”

“ಅದನ್ನೆಲ್ಲ ಗಂಡಸ್ರು ನೋಡ್ಕೋತಾರೆ ಮೇಡಂ. ನೀವು ಯಾವ ಬಣ್ಣ ಚೆನ್ನಾಗಿರತ್ತೆ ಹೇಳಿ.”

“ನಿಮ್ಮ ಟೈ ಬಣ್ಣ ಒಂದು ಬಿಟ್ಟು ಯಾವುದಾದ್ರೂ ಪರವಾಗಿಲ್ಲ.”

ಇವರು ಹಿಂದೆ ನಿಂತು ಕೆಮ್ಮಿದರು. ಆದರೆ ಸಾಮಾನಿಗೆ ಉತ್ತರ ಇವರ ಬಳಿ ಇದೆ, ಅಣ್ಣ. ಕಾರಿನ ಬೆನ್ನು ಪೂರ್ತಿ ಒಂದೇ ಬಾಗಿಲು. ಮೇಲಕ್ಕೆ ಎತ್ತಿದರೆ ಬಾಯಿ ತೆರೆದ ಹಾಗೆ. ಹಿಂದಿನ ಸೀಟು ಮಡಚಿದರೆ ಆಲೂಗಡ್ಡೆ ಮೂಟೆ, ಮಗುವಿನ ತಳ್ಳುಗಾಡಿ, ನಾಯಿ, ಎಲ್ಲಕ್ಕೂ ಜಾಗ. ಜನ ಹೊರುವ ಕಾರಿಗೆ ಹೀಗೆ ಇಲ್ಲಿ ಯಾರೂ ಮಾಡಿಲ್ಲ. ನಮ್ಮ ಮದುವೆಯ ಹಾಸಿಗೆಯನ್ನೇ ಒಯ್ದು ಆ ಮರದ ಕಾರಿನಲ್ಲಿ ಇಟ್ಟು ನೋಡಿದೆವು. ಹಿಡಿಯಿತು. ಕಾವಲುಗಾರ ಏನು ತಿಳಿದುಕೊಂಡನೋ, ಟೋಪಿ ತೆಗೆದು ಆಚೆ ತಿರುಗಿ ನಿಂತ.

ಅಮ್ಮನಿಗೂ ಅತ್ತಿಗೆಗೂ ಮುತ್ತು.

ನಿನ್ನ ಸೊಲಾಂಜ್

---

ಸೇಂಟ್-ಫ್ಲೂರ್, 2 ಮೇ 1958

ಸೊಲಾಂಜ್,

ಕಾಗದ ಬಂತು. ಅಮ್ಮ ಮತ್ತೆ ಮತ್ತೆ ಓದಿಸಿಕೊಂಡಳು. ಹಾಸಿಗೆಯ ಭಾಗವನ್ನು ನಾನು ಹಾರಿಸಿದೆ.

ನಿನ್ನ ಗಂಡ ರೆಮಿ ಒಳ್ಳೆಯವನು, ಚೆನ್ನಾಗಿ ಗೀಚುತ್ತಾನೆ. ಆದರೆ ಪ್ಯಾರಿಸ್ಸಿನಲ್ಲಿ ಪೆನ್ಸಿಲ್ ಹಿಡಿದವರಾರೂ ಒಂದು ಕಾರನ್ನೂ ಮಾರಿಲ್ಲ. ಮಾರುವವನು ನಾನು. ನನ್ನ ಗಿರಾಕಿಗಳು ಯಾರು? ನೋಟರಿ ವೆಸೇರ್, ಡಾಕ್ಟರು, ದನದ ಡಾಕ್ಟರು, ಗಿಣ್ಣಿನ ಸಗಟು ವ್ಯಾಪಾರಿ. ಇವರಿಗೆ ಉದ್ದ ಮೂತಿಯ ಕಪ್ಪು ಕಾರು ಬೇಕು. ಹಿಂದೆ ಒಂದು ಡಿಕ್ಕಿ ಬೇಕು, ಆ ಡಿಕ್ಕಿಗೆ ಬೀಗ ಬೇಕು. ಡಿಕ್ಕಿಯಲ್ಲಿ ಏನೂ ಇರುವುದಿಲ್ಲ, ಆ ಮಾತು ಬೇರೆ. ಬೀಗ ಹಾಕಿದ ಖಾಲಿ ಡಿಕ್ಕಿ ಇದ್ದವನೇ ಊರಿನಲ್ಲಿ ದೊಡ್ಡ ಮನುಷ್ಯ.

ನಿಮ್ಮ ‘ಆರು’ ಯಾರಿಗೆ? ಕೋಳಿ ಮಾರುವವಳಿಗೂ ಮೇಷ್ಟರಿಗೂ. ಅವರಿಬ್ಬರೂ ಚೌಕಾಸಿ ಮಾಡುವ ಜಾತಿ. ಬೆನ್ನಿಗೆ ಬಾಗಿಲಂತೆ. ಕೆಫೆಯಲ್ಲಿ ನಾನು ಒಂದೇ ಮಾತು ಹೇಳಿದೆ: “ಹಿಂದಿಂದ ಬಾಗ್ಲು ತೆಗೆಯೋ ಗಾಡೀಲಿ ಇಬ್ರೇ ಹೋಗೋದು ಕಣ್ರಯ್ಯಾ. ಸತ್ತ ಕರು, ಸತ್ತ ಮನುಷ್ಯ.” ಕೌಂಟರಿನ ಈ ತುದಿಯಿಂದ ಆ ತುದಿಯವರೆಗೆ ನಕ್ಕರು. ಮಾಂಸದಂಗಡಿಯ ಬರ್ಜೋ ಅಲ್ಲೇ ಇದ್ದ. ತನ್ನ ವ್ಯಾನಿಗೆ ಅಪಮಾನವಾಯಿತೆಂದು ನಾಟಕವಾಡಿ ಅವನೇ ಎಲ್ಲರಿಗೂ ಒಂದೊಂದು ಲೋಟ ವೈನ್ ಹಾಕಿಸಿದ. ಈಗ ನಾನು ಬೀದಿಗಿಳಿದರೆ ಎಲ್ಲರೂ ಕೇಳುತ್ತಾರೆ, “ಏನ್ ಫೆರ್ನಾಂ, ಕರು ಹೇಗಿದೆ?”

ಗುಟ್ಟು ಎಂದು ನೀನು ಬರೆದಿದ್ದೆ. ಕಂಪನಿಯ ಹೆಸರು ಹೇಳಲಿಲ್ಲ, ಹೆದರಬೇಡ.

ಫೆರ್ನಾಂ

---

ಮೊಂತ್ರೈ, 20 ನವೆಂಬರ್ 1958

ಅಣ್ಣ,

ನಿನ್ನ ಕರುವಿನ ಜೋಕನ್ನು ಇವರಿಗೆ ಹೇಳಲಿಲ್ಲ. ನೀನು ಇಡೀ ಊರಿಗೆ ಹೇಳಿದ್ದೀಯಲ್ಲ, ಅಷ್ಟು ಸಾಕು.

ಈಗ ತಮಾಷೆ ಬಿಟ್ಟು ಓದು. ಶೆಡ್ಡಿನಲ್ಲಿ ಎರಡು ಕಾರು ನಿಂತಿವೆ. ಎರಡೂ ಪ್ಲಾಸ್ಟರಿನವು, ಹಿಂದಿನ ಬಾಗಿಲು ಮಾತ್ರ ನಿಜವಾಗಿ ತೆರೆಯುತ್ತದೆ, ಮೇಲೆ ಬಣ್ಣ ಬಳಿದು ಹೊಳಪು ಕೊಟ್ಟಿದ್ದಾರೆ, ದೂರದಿಂದ ನೋಡಿದರೆ ಓಡಿಸಿಕೊಂಡು ಹೋಗೋಣ ಅನಿಸುತ್ತದೆ. ಒಂದಕ್ಕೆ ಇವರ ಬಾಗಿಲು. ಇನ್ನೊಂದು ಬೊಶಾರ್ ಸಾಹೇಬರದು. ಅದರ ಬೆನ್ನೂ ಹಾಗೇ ಇಳಿಜಾರು, ಆದರೆ ಕೆಳಗೆ ಅಂಚೆ ಡಬ್ಬಿಯ ಬಾಯಿಯಷ್ಟು ಮುಚ್ಚಳ. ಅದರೊಳಗೆ ಹಾಸಿಗೆಯಲ್ಲ, ದಿಂಬು ತುರುಕುವುದಕ್ಕೂ ಮಂಡಿಯೂರಬೇಕು. ಸಾಹೇಬರು ಇದಕ್ಕೆ ‘ಘನತೆ’ ಎನ್ನುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಎನ್ನುತ್ತಾರೆ. ಘನತೆ ಎಂದರೆ ಏನೆಂದು ಇವರು ಕೇಳಿದ್ದಕ್ಕೆ, “ನಿಮಗೆ ಗೊತ್ತಾಗಲ್ಲ ಬಿಡಿ, ನಿಮ್ಮಪ್ಪ ಶಾಲಾ ಮೇಷ್ಟ್ರಲ್ವೇ?” ಎಂದರಂತೆ. ಮೇಷ್ಟರಿಗೆಂದೇ ಮಾಡುತ್ತಿರುವ ಕಾರು ಅದು.

ಜನವರಿಯಲ್ಲಿ ದೇಶದ ಎಲ್ಲ ಕಡೆಯಿಂದ ನಿನ್ನ ಹಾಗೆ ಕಾರು ಮಾರುವ ಕೆಲವು ಏಜೆಂಟರನ್ನು ಕರೆಸುತ್ತಾರೆ. ಗೀಚಿದವರಿಗೆ ಒಳಗೆ ಪ್ರವೇಶವಿಲ್ಲ. ಏಜೆಂಟರು ಎರಡೂ ಕಾರು ನೋಡಿ, ಭರ್ಜರಿ ಊಟ ಮಾಡಿ, ಊಟದ ಕೊನೆಗೆ ಬರುವ ಗಿಣ್ಣಿಗೂ ಕಾಫಿಗೂ ನಡುವೆ ಕೈಯೆತ್ತುತ್ತಾರೆ. ಈ ಕಂಪನಿಯಲ್ಲಿ ಯಾವ ತೀರ್ಮಾನವೂ ಅದಕ್ಕಿಂತ ಮುಂಚೆ ಆಗುವುದಿಲ್ಲ, ಆಮೇಲೂ ಆಗುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಯೋಚಿಸಿದರೆ ಅಜೀರ್ಣವೇನೋ.

ಬಾಗಿಲು ಸೋತರೆ ಇವರನ್ನು ಲಿಲ್‌ನ ಲಾರಿ ವಿಭಾಗಕ್ಕೆ ಹಾಕುವುದಾಗಿ ಸಾಹೇಬರು ನಗುತ್ತಾ ಹೇಳಿದ್ದಾರೆ. ಅವರು ನಗುತ್ತಾ ಹೇಳಿದ್ದೆಲ್ಲ ನಿಜವಾಗುತ್ತದೆ. ಲಾರಿಯಲ್ಲಿ ಗೀಚುವುದಕ್ಕೆ ಏನಿದೆ ಅಣ್ಣ? ಮಡ್‌ಗಾರ್ಡು. ಇವರು ರಾತ್ರಿ ಊಟಕ್ಕೆ ಕೂತಾಗಲೂ ಸಿಗರೇಟು ಪೆಟ್ಟಿಗೆಯ ಮುಚ್ಚಳ ಎತ್ತುತ್ತಾ ಇಳಿಸುತ್ತಾ ಇರುತ್ತಾರೆ.

ನಿನ್ನನ್ನು ಕರೆದರೆ ಹೋಗು. ಬಾಗಿಲಿನ ಪರ ಒಂದೇ ಒಂದು ಮಾತು ಹೇಳು. ನೀನು ಬಾಯಿ ತೆರೆದರೆ ಹತ್ತು ಜನ ಕೇಳುತ್ತಾರೆ, ನಿನಗೆ ಆ ಶಕ್ತಿ ಇದೆ. ಈ ತನಕ ನಿನ್ನ ಹತ್ತಿರ ಏನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ಸೊಲಾಂಜ್

---

ಸೇಂಟ್-ಫ್ಲೂರ್, 9 ಫೆಬ್ರವರಿ 1959

ಪುಟ್ಟೀ,

ಉತ್ತರ ತಡವಾಯಿತು. ಹಿಮ ಬಿದ್ದು ರಸ್ತೆ ಮುಚ್ಚಿತ್ತು.

ಆ ಸಭೆಗೆ ನನ್ನನ್ನು ಕರೆಯಲಿಲ್ಲ. ಗುಡ್ಡಗಾಡಿನ ಏಜೆಂಟನನ್ನು ಪ್ಯಾರಿಸ್ಸಿನವರು ಯಾಕೆ ಕರೆಯುತ್ತಾರೆ? ಕರೆದಿದ್ದರೆ ಹೋಗುತ್ತಿದ್ದೆ. ಜನವರಿ ಕೊನೆಯಲ್ಲಿ ಟೈರ್ ಬಿಚ್ಚುವ ಮೆಷಿನ್ ನೋಡಲು ಪ್ಯಾರಿಸ್ಸಿಗೇನೋ ಬಂದಿದ್ದೆ. ಒಂದೇ ದಿನ, ನಿನ್ನ ಮನೆ ಕಡೆ ಬರಲು ಪುರುಸೊತ್ತಾಗಲಿಲ್ಲ. ಮೆಷಿನ್ ಕೊಳ್ಳಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು, ಕರುವಿನ ಮಾಂಸ, ಮೇಲೆ ಅಣಬೆ.

ಒಂದು ಇಡೀ ಹಂದಿ ತೊಡೆ ಕಳಿಸಿದ್ದೇನೆ, ನಮ್ಮದೇ ಹಂದಿ, ಉಪ್ಪು ಚೆನ್ನಾಗಿ ಹಿಡಿದಿದೆ. ಅತ್ತಿಗೆ ಬೇಳೆಯ ಚೀಲ ಸೇರಿಸಿದ್ದಾಳೆ. ಗಂಡನಿಗೆ ಚೆನ್ನಾಗಿ ಮಾಡಿ ಹಾಕು, ತೆಳ್ಳಗಿದ್ದಾನೆ.

ಫೆರ್ನಾಂ

---

ಮೊಂತ್ರೈ, 1 ಮಾರ್ಚ್ 1959

ಪ್ರೀತಿಯ ಅಣ್ಣ,

ಹಂದಿ ತೊಡೆ ಬಂತು. ಅಷ್ಟು ದೊಡ್ಡದನ್ನು ನೀನು ನನ್ನ ಮದುವೆಗೂ ತಂದಿರಲಿಲ್ಲ.

ಬಾಗಿಲು ಸೋತಿತು. ಸೋತಿತು ಎನ್ನುವುದೂ ದೊಡ್ಡ ಮಾತು. ಒಳಗೆ ಬಡಿಸುತ್ತಿದ್ದ ಹೆಂಗಸು ಆಮೇಲೆ ನನಗೆ ಎಲ್ಲ ಹೇಳಿದಳು. ಊಟಕ್ಕೆ ಮುಂಚೆ ಅರ್ಧಕ್ಕಿಂತ ಹೆಚ್ಚು ಜನ ಇವರ ಕಾರಿನ ಸುತ್ತ ನಿಂತಿದ್ದರಂತೆ. ಒಬ್ಬ ಬಾಗಿಲು ಎತ್ತಿ, “ನನ್ನ ಹೆಂಡ್ತಿ ಇದನ್ನ ನೋಡಿದ್ರೆ ನನ್ನ ಬಿಟ್ಟು ಇದನ್ನೇ ಇಟ್ಕೋತಾಳೆ” ಎಂದನಂತೆ. ಆಮೇಲೆ ಗಿಣ್ಣು ಬಂತು. ಬೊಶಾರ್ ಸಾಹೇಬರು ಅಭಿಪ್ರಾಯ ಕೇಳಿದರು. ಆಗ ಒಬ್ಬ ಏಜೆಂಟ್ ಎದ್ದು, ವೈನ್ ಲೋಟ ಹಿಡಿದುಕೊಂಡೇ ಹೇಳಿದನಂತೆ, “ಹಿಂದಿಂದ ಬಾಗ್ಲು ತೆಗೆಯೋ ಗಾಡೀಲಿ ಇಬ್ರೇ ಹೋಗೋದು ಕಣ್ರಯ್ಯಾ. ಸತ್ತ ಕರು, ಸತ್ತ ಮನುಷ್ಯ.”

ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ನಕ್ಕ ಮೇಲೆ ಕೈಯೆತ್ತಲು ಯಾರಿಗೆ ಧೈರ್ಯ? ಬಾಗಿಲಿಗೆ ಒಂದು ಕೈಯೂ ಏಳಲಿಲ್ಲ. ಸಾಹೇಬರು ಈಗ ಆ ಮಾತನ್ನು ತಮ್ಮದೇ ಎನ್ನುವ ಹಾಗೆ ಕಾರಿಡಾರಿನಲ್ಲಿ ಹೇಳುತ್ತಾ ಓಡಾಡುತ್ತಾರೆ. ಇವರು ಎದುರಿಗೆ ಬಂದರೆ ಹುಡುಗರು ಕರುವಿನ ಹಾಗೆ ಕೂಗುತ್ತಾರೆ.

ಆ ಏಜೆಂಟ್ ಯಾರಿರಬಹುದು, ಅಣ್ಣ? ಆ ಹೆಂಗಸಿಗೆ ಹೆಸರು ಗೊತ್ತಿಲ್ಲ. ನಾನು ಅವನನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಹೊಟ್ಟೆ ಇದೆ, ಭಾನುವಾರದ ಸೂಟು ಬಿಗಿಯಾಗಿದೆ, ಊರಿನಲ್ಲಿ ನಾಲ್ಕು ಜನ ನಕ್ಕರೆ ತಾನು ಬುದ್ಧಿವಂತ ಎಂದುಕೊಂಡಿದ್ದಾನೆ. ಅದೊಂದು ಹಳಸಲು ಜೋಕನ್ನು ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿ ಪ್ಯಾರಿಸ್ಸಿಗೆ ಬಂದಿದ್ದಾನೆ. ಕಾರಿನ ಬಗ್ಗೆ ಅವನಿಗೆ ಯಾವ ಅಭಿಪ್ರಾಯವೂ ಇಲ್ಲ. ನಗು ಬೇಕಿತ್ತು, ಅಷ್ಟೇ. ಒಂದು ನಗುವಿಗೆ ಇನ್ನೊಬ್ಬನ ವರ್ಷಗಳನ್ನು ಮಾರಿ ಊಟ ಮುಗಿಸಿದ ಹಂದಿ.

ನಿನಗೆ ಏಜೆಂಟರೆಲ್ಲ ಪರಿಚಯ. ಯಾರೆಂದು ಗೊತ್ತಾದರೆ ಬರೆ. ಬರೆಯುತ್ತೀಯೆಂದು ಕಾಯುತ್ತೇನೆ.

ಸೊಲಾಂಜ್

---

ಸೇಂಟ್-ಫ್ಲೂರ್, 30 ಏಪ್ರಿಲ್ 1959

ಪುಟ್ಟೀ,

ನೀನು ಬರೆದದ್ದು ಓದಿ ಬೇಸರವಾಯಿತು. ಆ ಏಜೆಂಟ್ ಯಾರೋ ನನಗೂ ಗೊತ್ತಾಗಲಿಲ್ಲ. ಬೋರ್ದೋ ಕಡೆಯವನಿರಬೇಕು, ಅಲ್ಲಿಯವರಿಗೆ ಬಾಯಿ ಜಾಸ್ತಿ. ಅಂಥ ಜೋಕು ಎಲ್ಲ ಗ್ಯಾರೇಜಿನಲ್ಲೂ ಇರುತ್ತದೆ, ಯಾರು ಬೇಕಾದರೂ ಹೇಳಬಹುದು.

ಆದರೂ ಪಾಪ, ಅವನನ್ನು ಅಷ್ಟು ಬೈಯಬೇಡ. ಊಟದ ಮೇಜಿನಲ್ಲಿ ಆಡಿದ ಮಾತು. ಅದಕ್ಕೇ ಕಾರು ಬದಲಾಯಿತು ಎಂದರೆ ಆ ಬಾಗಿಲು ಮೊದಲೇ ಗಟ್ಟಿ ಇರಲಿಲ್ಲ ಎಂದರ್ಥ. ಲಾರಿ ವಿಭಾಗ ಕೆಟ್ಟದ್ದಲ್ಲ. ದೇಶಕ್ಕೆ ಲಾರಿ ಬೇಕು.

ನೀನು ಮೊದಲಿನ ಹಾಗೆ ನಗುನಗುತ್ತಾ ಬರೆ. ಚಿಕ್ಕಂದಿನಿಂದಲೂ ನಿನ್ನದು ಹಾಗೇ, ಕೋಪ ಬಂದರೆ ಮೂರು ದಿನ, ಆಮೇಲೆ ಯಾಕೆ ಬಂತು ಎಂಬುದೇ ಮರೆತಿರುತ್ತೀಯ. ನನ್ನ ಕಾಗದಗಳನ್ನೂ ನೀನು ಕಡಲೆಕಾಯಿ ತಿಂದ ಹಾಗೆ ಓದಿ ಸಿಪ್ಪೆ ಎಸೆಯುತ್ತೀಯೆಂದು ಗೊತ್ತು. ಅದು ಒಳ್ಳೆಯ ಗುಣ.

ಫೆರ್ನಾಂ

---

ಲಿಲ್, 3 ಡಿಸೆಂಬರ್ 1959

ಅಣ್ಣನಿಗೆ,

ಹೊಸ ವಿಳಾಸ ಮೇಲಿದೆ. ಇಲ್ಲಿ ಮನೆಗಳೆಲ್ಲ ಇಟ್ಟಿಗೆಯವು, ಆಕಾಶವೂ ಅದೇ ಇಟ್ಟಿಗೆಯದು. ರೆಮಿ ಮಡ್‌ಗಾರ್ಡು ಗೀಚುತ್ತಾನೆ. ಮಣ್ಣು ಸಿಡಿಯುವುದನ್ನು ತಡೆಯುವುದೂ ಒಂದು ವಿದ್ಯೆ ಎನ್ನುತ್ತಾನೆ. ಅವನಿಗೆ ಕೋಪ ಬರುವುದಿಲ್ಲ, ಆ ಕೆಲಸವನ್ನೂ ನಾನೇ ಮಾಡಬೇಕಾಗಿದೆ.

ಅಮ್ಮನಿಗೆ ಹೊಸ ವರ್ಷಕ್ಕೆ ಬರಲಾಗುವುದಿಲ್ಲ ಎಂದು ಹೇಳು.

ಸೊಲಾಂಜ್

---

ಸೇಂಟ್-ಫ್ಲೂರ್, 16 ನವೆಂಬರ್ 1961

ಪುಟ್ಟೀ,

ಎರಡು ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಅಮ್ಮನ ಹೆಸರಿಗೆ ಬರೆಯುತ್ತೀಯೆಂದು ಸಮಾಧಾನ. ಈಗ ಕೆಲಸವಿದೆ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ನಿಮ್ಮ ‘ಆರು’ ಹೊರಗೆ ಬಂದಿದೆ. ಮೆಸಾಂಜ್ ಎಂದು ಹೆಸರಿಟ್ಟಿದ್ದಾರೆ, ಗುಬ್ಬಿಯಂಥ ಹಕ್ಕಿಯ ಹೆಸರು. ನನ್ನ ಅಂಗಡಿಯ ಗಾಜಿನ ಹಿಂದೆ ಮೂರು ಗುಬ್ಬಿ ಕೂತಿವೆ, ಹಾರುತ್ತಿಲ್ಲ. ಓಟಕ್ಕೆ ಹೆಸರಿಡುವಂತಿಲ್ಲ, ಸೀಟು ಅಗಲವಾಗಿದೆ. ಆದರೆ ಬರುವ ಗಿರಾಕಿಗಳೆಲ್ಲ ಒಂದೇ ಕೆಲಸ ಮಾಡುತ್ತಾರೆ. ನೇರ ಹಿಂದಕ್ಕೆ ಹೋಗಿ, ಆ ಇಳಿಜಾರು ಬೆನ್ನನ್ನು ಹಿಡಿದು ಎಳೆಯುತ್ತಾರೆ. ಅದು ಬರುವುದಿಲ್ಲ. ನನ್ನ ಮುಖ ನೋಡುತ್ತಾರೆ. ನಾನು ಬಗ್ಗಿ ಕೆಳಗಿನ ಮುಚ್ಚಳ ತೆಗೆದು ತೋರಿಸುತ್ತೇನೆ. ಮೊನ್ನೆ ಒಬ್ಬ ರೈತ ಅದರೊಳಗೆ ತೋಳು ಹಾಕಿ, “ದನಕ್ಕೆ ಹೆರಿಗೆ ಮಾಡ್ಸೋವಾಗ ಹೀಗೇ ಕೈ ಹಾಕ್ತೀನಿ. ಅಲ್ಲಾದ್ರೂ ಒಂದು ಕರು ಸಿಗತ್ತೆ” ಎಂದ. ಕೆಫೆಯಲ್ಲಿ ಈಗ ಆ ಮಾತಿಗೆ ನಗುತ್ತಿದ್ದಾರೆ.

ಇದು ಸಾಲದು ಎಂದು ಈ ಅಕ್ಟೋಬರಿನ ಪ್ಯಾರಿಸ್ ಮೇಳದಲ್ಲಿ ಎದುರಾಳಿ ಕಂಪನಿಯವರು ಅಂಥದೇ ಸಣ್ಣ ಕಾರು ತಂದಿದ್ದಾರೆ. ಬೆನ್ನು ಪೂರ್ತಿ ಬಾಗಿಲು. ನಮ್ಮ ಎದುರು ಬೀದಿಯ ರುವಿಯೇರ್ ಅದನ್ನು ಮಾರುತ್ತಾನೆ. ಮೊದಲು ಕೊಂಡವನು ಯಾರು ಗೊತ್ತೆ? ನೋಟರಿ ವೆಸೇರ್. ಕಪ್ಪು ಕಾರು ಮನೆಯಲ್ಲಿಟ್ಟು, ಭಾನುವಾರ ಇದರ ಹಿಂದಿನಿಂದ ಬೇಟೆ ನಾಯಿಗಳನ್ನು ಹತ್ತಿಸಿಕೊಂಡು ನನ್ನ ಗಾಜಿನ ಮುಂದೆಯೇ ಹೋಗುತ್ತಾನೆ. ನಾಯಿಗಳೂ ನನ್ನನ್ನು ನೋಡುತ್ತವೆ.

ಇದೆಲ್ಲ ಪ್ಯಾರಿಸ್ಸಿನವರ ಬುದ್ಧಿ. ಊರಿನ ಜನಕ್ಕೆ ಏನು ಬೇಕೆಂದು ಮಾರುವವರನ್ನು ಕೇಳಬೇಕು, ಕೇಳುವುದಿಲ್ಲ. ಆ ಬೊಶಾರನನ್ನು ಈ ಚಳಿಯಲ್ಲಿ ತಂದು ನನ್ನ ಅಂಗಡಿಯಲ್ಲಿ ನಿಲ್ಲಿಸಬೇಕು.

ಹೀಗೇ ಹೋದರೆ ಬೇಸಿಗೆಯ ಹೊತ್ತಿಗೆ ಏಜೆನ್ಸಿ ಕಿತ್ತುಕೊಳ್ಳುತ್ತಾರೆ. ನನ್ನ ಟಿಂಕರ್ ಕೆಲಸದವನು ಒಳ್ಳೆಯ ಕೈ. ತಗಡು ಕತ್ತರಿಸಿ ಬಾಗಿಲು ಮಾಡಬಲ್ಲೆ ಎನ್ನುತ್ತಾನೆ, ಆದರೆ ಕೀಲು ಎಲ್ಲಿ ಕೂರಿಸಬೇಕು, ಚಾವಣಿ ಬಗ್ಗದ ಹಾಗೆ ಯಾವುದರ ಆಸರೆ ಕೊಡಬೇಕು ತಿಳಿಯದು. ರೆಮಿಗೆ ಇದು ನೀರು ಕುಡಿದ ಹಾಗೆ. ಒಂದು ನಕ್ಷೆ ಗೀಚಿ ಕಳಿಸಲು ಹೇಳು. ಬೇಗ.

ಫೆರ್ನಾಂ

---

ಲಿಲ್, 28 ನವೆಂಬರ್ 1961

ಫೆರ್ನಾಂ,

ನಿನ್ನ ಕಾಗದವನ್ನು ರೆಮಿಗೆ ಓದಿ ಹೇಳಿದೆ. ‘ಮಾರುವವರನ್ನು ಕೇಳಬೇಕು’ ಎಂಬಲ್ಲಿಗೆ ಬಂದಾಗ ಕೆಮ್ಮು ಬಂದ ಹಾಗೆ ಮಾಡಿದೆ. ಅವನು ನೀರು ತಂದುಕೊಟ್ಟ.

ಆಮೇಲೆ ಆಟದ ಸಾಮಾನು ಸಿಕ್ಕಿದ ಮಗುವಿನ ಹಾಗೆ ಆಡಿದ. ತಟ್ಟೆ ಪಕ್ಕಕ್ಕೆ ತಳ್ಳಿ, ಅಡುಗೆಮನೆಯ ಮೇಜಿನ ಮೇಲೇ ಕೀಲು, ಆಸರೆ, ಎಲ್ಲ ಗೀಚಿ ಮುಗಿಸಿದ. ಗೀಚುತ್ತಾ ಹೇಳಿದ, “ನಿಮ್ಮಣ್ಣ ಒಳ್ಳೇವ್ರು ಕಣೇ. ಆವತ್ತು ಅವ್ರನ್ನ ಕರೆದಿದ್ರೆ ಬಾಗಿಲಿನ ಪರ ಮಾತಾಡ್ತಿದ್ರು.” ನಾನು ಪಾತ್ರೆ ತೊಳೆಯಲು ಎದ್ದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಾನು ಕಾಗದಗಳನ್ನು ಕಡಲೆಕಾಯಿ ತಿಂದ ಹಾಗೆ ಓದುವುದಿಲ್ಲ. ಯಾರಿರಬಹುದು ಎಂದು ಕೇಳಿದೆನಲ್ಲ, ಆ ದಿನವೇ ನನಗೆ ಗೊತ್ತಿತ್ತು. ಆ ಜೋಕನ್ನು ನನಗೆ ಮೊದಲು ಬರೆದವನು ನೀನು. ಬೇರೆ ಯಾರ ಬಾಯಿಂದ ಬಂದಿದ್ದರೂ ನಿನ್ನ ‘ಕಣ್ರಯ್ಯಾ’ ಅದರಲ್ಲಿ ಇರುತ್ತಿರಲಿಲ್ಲ. ನಿನಗೊಂದು ಅವಕಾಶ ಕೊಡೋಣ ಎಂದು ಕೇಳಿದೆ. ನೀನು ಬೋರ್ದೋ ಊರಿನವರ ಮೇಲೆ ಹಾಕಿದೆ. ಆ ‘ಪಾಪ’ವನ್ನು ಓದಿ ನನಗೆ ಬಂದ ನಗು ಈಗಲೂ ನಿಂತಿಲ್ಲ, ಅದು ಒಳ್ಳೆಯ ನಗುವಲ್ಲ. ಬೊಶಾರ್ ಮೂರ್ಖ. ಅವನು ಬಾಗಿಲು ಬೇಡವೆಂದು ನಿಜವಾಗಿ ನಂಬಿದ್ದ. ನೀನು ಏನನ್ನೂ ನಂಬಿರಲಿಲ್ಲ. ಕೌಂಟರಿನ ನಗುವನ್ನು ಇನ್ನೊಂದು ಸಲ ಕೇಳಬೇಕಾಗಿತ್ತು, ದೊಡ್ಡ ಊರಿನಲ್ಲಿ. ಎದುರಿಗೆ ನಿಂತದ್ದು ನನ್ನ ಗಂಡನ ಕೆಲಸ ಎಂದು ತಿಳಿದೂ ಹೇಳಿದೆ, ಯಾಕೆಂದರೆ ಗಿಣ್ಣು ಬಂದಿತ್ತು.

ಎರಡೂವರೆ ವರ್ಷದಿಂದ ರೆಮಿಗೆ ಇದನ್ನು ಹೇಳಿಲ್ಲ. ನಿನ್ನನ್ನು ಉಳಿಸಲೆಂದಲ್ಲ. ಅವನ ಮನಸ್ಸಿನಲ್ಲಿ ನಮ್ಮ ಮನೆಯ ಬಗ್ಗೆ ಒಂದು ಒಳ್ಳೆಯ ಮಾತು ಇರಲಿ ಎಂದು. ಹೇಳಬೇಕಾದವಳು ನಾನಲ್ಲ.

ನಕ್ಷೆ ನನ್ನ ಹತ್ತಿರವಿದೆ. ಅಂಚೆಯಲ್ಲಿ ಕಳಿಸುವುದಿಲ್ಲ.

ಅಮ್ಮ ನಿನಗೆ ಹೇಳಿರಬೇಕು, ಮಾರ್ಚಿನಲ್ಲಿ ನನಗೆ ಹೆರಿಗೆ. ಅಟ್ಟದಲ್ಲಿರುವ ನಮ್ಮ ತೊಟ್ಟಿಲು ಬೇಕು. ನೀನು ಮಲಗಿದ್ದು, ಆಮೇಲೆ ನಾನು ಮಲಗಿದ್ದು, ಓಕ್ ಮರದ್ದು, ಬಿಚ್ಚಲು ಬರುವುದಿಲ್ಲ. ಅದನ್ನು ರೈಲಿಗೆ ಹಾಕಬೇಡ, ಕಪ್ಪು ಕಾರಿನಲ್ಲೂ ತರಬೇಡ, ಚಾವಣಿಯ ಮೇಲೂ ಕಟ್ಟಬೇಡ. ಮೆಸಾಂಜಿನಲ್ಲಿ ತಾ. ಮುಚ್ಚಳದಿಂದ ತುರುಕು, ಕಿಟಕಿಯಿಂದ ತೂರಿಸು, ಮುಂದಿನ ಸೀಟು ಕಿತ್ತು ಅತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಬಾ, ಹೇಗೆಂಬುದು ನಿನಗೆ ಬಿಟ್ಟದ್ದು. ಊರ ಜನ ನಿಂತು ನೋಡುತ್ತಾರೆ, ನೋಡಲಿ. ಸೇಂಟ್-ಫ್ಲೂರಿನಿಂದ ಇಲ್ಲಿಗೆ ದೇಶದ ಅರ್ಧಕ್ಕಿಂತ ಹೆಚ್ಚು ದಾರಿ. ತೊಟ್ಟಿಲಿನ ಕಾಲು ಕುತ್ತಿಗೆಗೆ ಒತ್ತುತ್ತಾ ಇರುವಾಗ, ರೆಮಿಗೆ ಏನು ಹೇಳುವುದು ಎಂದು ಯೋಚಿಸಲು ಸಾಕಷ್ಟು ಸಮಯ ಸಿಗುತ್ತದೆ.

ಅವನೆದುರು ಕೂತು, ಊಟಕ್ಕೆ ಮುಂಚೆ, ಹೇಳು. ಹೇಳಿದರೆ ನಕ್ಷೆ ನಿನ್ನದು. ಹೇಳದೆ ಹೋದರೂ ಊಟ ಹಾಕಿಯೇ ಕಳಿಸುತ್ತೇನೆ. ತೊಟ್ಟಿಲು ಮಾತ್ರ ಇಳಿಸಿಕೊಳ್ಳುತ್ತೇನೆ.

ಸೊಲಾಂಜ್